ಆಸ್ಪತ್ರೆಗಳ ಭೂಕಂಪ ಸುರಕ್ಷತಾ ಕಾಯ್ದೆ, ಕ್ಯಾಲಿಫೋರ್ನಿಯಾ

ಭೂಕಂಪದಲ್ಲಿ ಆಸ್ಪತ್ರೆಯ ಕಟ್ಟಡ ಉಳಿಯಬೇಕು, ಚಿಕಿತ್ಸೆಯೂ ನಿಲ್ಲದೆ ನಡೆಯಬೇಕು ಎಂಬ ಉದ್ದೇಶದಿಂದ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1973ರಲ್ಲಿ ಜಾರಿಗೊಳಿಸಿದ ಕಾನೂನು. ಇದನ್ನು ಮಂಡಿಸಿದ ಸೆನೆಟರ್ ಆಲ್ಫ್ರೆಡ್ ಆಲ್‌ಕ್ವಿಸ್ಟ್ ಅವರ ಹೆಸರು ಕಾಯ್ದೆಗಿದೆ.

1971ರ ಫೆಬ್ರುವರಿ 9ರ ಬೆಳಗಿನ ಜಾವ ಲಾಸ್ ಏಂಜಲೀಸ್‌ನ ಉತ್ತರಕ್ಕಿರುವ ಸ್ಯಾನ್ ಫರ್ನಾಂಡೊ ಕಣಿವೆ ಕಂಪಿಸಿತು. ಸತ್ತ 60ಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಮಂದಿ ಆಸ್ಪತ್ರೆಗಳಲ್ಲೇ ಪ್ರಾಣ ಬಿಟ್ಟರು. ಮಾಜಿ ಸೈನಿಕರ ಹಳೆಯ ಆಸ್ಪತ್ರೆಯೊಂದರಲ್ಲೇ 40ಕ್ಕೂ ಹೆಚ್ಚು ಸಾವು. ಅದಕ್ಕೆ ಕಟ್ಟಡದ ವಯಸ್ಸನ್ನು ದೂರಬಹುದಿತ್ತು. ಆದರೆ ಸಿಲ್ಮಾರ್‌ನ ಆಲಿವ್ ವ್ಯೂ ಆಸ್ಪತ್ರೆ ಆಗಷ್ಟೇ ಬಳಕೆಗೆ ಬಂದಿತ್ತು, ಅಂದಿನ ನಿಯಮಗಳಂತೆಯೇ ಕಟ್ಟಲಾಗಿತ್ತು. ಅದರ ಕೆಳ ಅಂತಸ್ತಿನ ಕಂಬಗಳು ನಜ್ಜುಗುಜ್ಜಾದವು. ನಾಲ್ಕು ಮೆಟ್ಟಿಲು ಗೋಪುರಗಳಲ್ಲಿ ಮೂರು ಕಿತ್ತುಕೊಂಡು ಉರುಳಿದವು. ಎಂಜಿನಿಯರುಗಳನ್ನು ಬೆಚ್ಚಿಬೀಳಿಸಿದ್ದು ಇದು.

ಶಾಲೆಗಳಿಗೆ ಇಂಥದ್ದೊಂದು ಕಾನೂನು 1933ರ ಲಾಂಗ್ ಬೀಚ್ ಭೂಕಂಪದ ನಂತರವೇ ಬಂದಿತ್ತು. ಆಸ್ಪತ್ರೆಗಳಿಗೆ ಇನ್ನೂ 40 ವರ್ಷ ಹಿಡಿಯಿತು. ಹೊಸ ಕಾಯ್ದೆ ನಕ್ಷೆ ಪರಿಶೀಲನೆಯನ್ನೂ ಕಾಮಗಾರಿಯ ತಪಾಸಣೆಯನ್ನೂ ಸ್ಥಳೀಯ ಆಡಳಿತದಿಂದ ರಾಜ್ಯದ ಕೈಗೆ ಒಪ್ಪಿಸಿತು. ಅದರ ದೊಡ್ಡ ಕೊರತೆಯೆಂದರೆ, ಆಗಲೇ ನಿಂತಿದ್ದ ಹಳೆಯ ಕಟ್ಟಡಗಳನ್ನು ಅದು ಮುಟ್ಟಲಿಲ್ಲ. ಆಸ್ಪತ್ರೆಗಳು ಹೊಸದನ್ನು ಕಟ್ಟಿದಂತೆಲ್ಲ ಹಳೆಯವು ತಾವಾಗಿಯೇ ಕಳಚಿಹೋಗುತ್ತವೆ ಎಂಬ ನಂಬಿಕೆ ಹುಸಿಯಾಯಿತು.

1994ರ ಜನವರಿ 17ರ ನಾರ್ತ್‌ರಿಡ್ಜ್ ಭೂಕಂಪ (ತೀವ್ರತೆ 6.7) ಕಾಯ್ದೆಯ ಪರೀಕ್ಷೆಯಾಯಿತು. ಕಾಯ್ದೆಗೆ ಅನುಗುಣವಾಗಿ ಕಟ್ಟಿದವು ಗಟ್ಟಿಯಾಗಿ ನಿಂತವು. ಹಳೆಯ ಹಲವು ತೀವ್ರವಾಗಿ ಜಖಂಗೊಂಡವು. ಅದೇ ಜಾಗದಲ್ಲಿ ಮರುನಿರ್ಮಾಣಗೊಂಡಿದ್ದ ಆಲಿವ್ ವ್ಯೂ ಭಾರೀ ಅಲುಗಾಟವನ್ನು ತಡೆದುಕೊಂಡಿತು. ಆದರೂ ಒಳಗಿನ ನೀರಿನ ಕೊಳವೆಗಳು ಒಡೆದು ವಾರ್ಡುಗಳಲ್ಲಿ ನೀರು ಹರಿಯಿತು, ರೋಗಿಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಗಾಯಾಳುಗಳು ಬರುವ ಹೊತ್ತಿಗೆ ಬಾಗಿಲು ಹಾಕುವ ಆಸ್ಪತ್ರೆಯ ಗೋಡೆಗಳು ಬಿರುಕು ಬಿಡದಿದ್ದರೇನು ಬಂತು?

ಅದೇ ವರ್ಷ ಬಂದ ಸೆನೆಟ್ ಮಸೂದೆ 1953 ಹಳೆಯ ಕಟ್ಟಡಗಳನ್ನೂ ಹಿಡಿಯಿತು. ಪ್ರತಿ ಕಟ್ಟಡದ ರಚನೆಗೆ 1ರಿಂದ 5ರವರೆಗೆ ಒಂದು ದರ್ಜೆ. ಕೊಳವೆ, ವಿದ್ಯುತ್, ಆಮ್ಲಜನಕ ವ್ಯವಸ್ಥೆಯಂಥವಕ್ಕೆ ಪ್ರತ್ಯೇಕವಾಗಿ ಇನ್ನೊಂದು. ಕುಸಿಯುವ ಅಪಾಯವಿರುವ ಮೊದಲ ದರ್ಜೆಯ ಕಟ್ಟಡಗಳಲ್ಲಿ 2008ರ ನಂತರ ಒಳರೋಗಿಗಳ ಚಿಕಿತ್ಸೆ ನಡೆಸುವಂತಿಲ್ಲ ಎಂದಿತು. 2030ರ ವೇಳೆಗೆ ಎಲ್ಲ ಆಸ್ಪತ್ರೆಗಳೂ ಭೂಕಂಪದ ಬಳಿಕವೂ ಕೆಲಸ ಮಾಡುವಂತಿರಬೇಕು.

ಖರ್ಚು ಮಾತ್ರ ಆಸ್ಪತ್ರೆಗಳ ಹೆಗಲಿಗೇ ಬಿತ್ತು. ಮೊದಲ ಗಡುವು 2013ಕ್ಕೆ ಸರಿಯಿತು, ಆಮೇಲೆ ಕೆಲವಕ್ಕೆ 2020ರವರೆಗೆ, ಅದರಾಚೆಗೂ. 2030ರ ಗುರಿ ತಲುಪಲು 3,400 ಕೋಟಿಯಿಂದ 14,300 ಕೋಟಿ ಡಾಲರ್ ಬೇಕೆಂದು ರ‍್ಯಾಂಡ್ ಸಂಶೋಧನಾ ಸಂಸ್ಥೆ 2019ರಲ್ಲಿ ಅಂದಾಜಿಸಿತು. ಹಣವಿಲ್ಲದ ಗ್ರಾಮೀಣ ಆಸ್ಪತ್ರೆ ಮುಚ್ಚಿಹೋದರೆ ಸುತ್ತಲಿನ ಊರುಗಳಿಗೆ ಭೂಕಂಪವಿಲ್ಲದ ದಿನವೂ ವೈದ್ಯರಿಲ್ಲ. ಆಸ್ಪತ್ರೆಗಳ ಈ ಅಳಲು ನ್ಯಾಯವಾದದ್ದೇ. 2024ರಲ್ಲಿ ಸಣ್ಣ ಹಾಗೂ ಗ್ರಾಮೀಣ ಆಸ್ಪತ್ರೆಗಳಿಗೆ 3 ವರ್ಷಗಳವರೆಗೆ ವಿನಾಯಿತಿ ಕೊಡುವ ಮಸೂದೆಗೆ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದರು. ಗಡುವನ್ನು ಇನ್ನೂ ವ್ಯಾಪಕವಾಗಿ ಮುಂದೂಡುವ ಮತ್ತೊಂದಕ್ಕೆ ಒಪ್ಪಲಿಲ್ಲ. ಗಡುವು ಏನೇ ಇರಲಿ, ಒಳಗಿನ ವ್ಯವಸ್ಥೆಗಳಿಗೆ ಅತ್ಯುನ್ನತ ದರ್ಜೆ ಪಡೆಯಬೇಕಾದ ಆಸ್ಪತ್ರೆ ಹೊರಗಿನ ನೆರವಿಲ್ಲದೆ 72 ಗಂಟೆ ನಡೆಯುವಷ್ಟು ನೀರನ್ನೂ, ಅಷ್ಟು ಹೊತ್ತಿನ ಕೊಳಚೆ ನೀರು ಹಿಡಿಯುವ ತೊಟ್ಟಿಯನ್ನೂ ತನ್ನ ಆವರಣದಲ್ಲೇ ಇಟ್ಟುಕೊಳ್ಳಬೇಕು.