ಸಕ್ಕರೆಗೆ ಮುಳ್ಳು ಬರಿಸುವ ಚಳಿ

ಸೊಲ್ಲಾಪುರ ಸೀಮೆಯಲ್ಲಿ ಸಂಕ್ರಾಂತಿಯ ಕುಸುರೆಳ್ಳಿನ ಕೆಲಸಕ್ಕೆ ಬೆಳಗಿನ ಜಾವದ ಚಳಿಯೇ ಬೇಕು. ಇದ್ದಿಲ ಒಲೆಯ ಮೇಲೆ ಪರಾತ, ಅದರಲ್ಲಿ ತೊಳೆದು ಒಣಗಿಸಿದ ಬಿಳಿ ಎಳ್ಳು, ಪಕ್ಕದಲ್ಲಿ ಸಕ್ಕರೆ ಪಾಕ. ಪಾಕ ಕುದಿಯುವಾಗ ತುಸು ಹಾಲು ಹಾಕಿದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ಸೋಸಿದ ಪಾಕ ಮಾತ್ರ ಎಳ್ಳಿಗೆ. ಒಂದು ಚಮಚ ಹಾಕಬೇಕು, ಬೆರಳ ತುದಿಯಿಂದ ಕೈಯಾಡಿಸಬೇಕು, ಒಣಗಿದ ಮೇಲೆ ಇನ್ನೊಂದು ಚಮಚ. ಅವಸರ ಮಾಡಿದರೆ ಎಳ್ಳು ಗಂಟುಗಟ್ಟುತ್ತದೆ, ಕೆಂಡ ಜೋರಾದರೆ ಸಕ್ಕರೆ ಕೆಂಪಾಗುತ್ತದೆ. ಹೀಗೆ ದಿನಗಟ್ಟಲೆ ನಡೆದಾಗ ಕಾಳಿನ ಸುತ್ತ ಸಣ್ಣ ಸಣ್ಣ ಮುಳ್ಳು ಏಳುತ್ತವೆ. ಮೋಡ ಕವಿದು ಹವೆ ತೇವವಾದರೆ ಅವು ಏಳುವುದಿಲ್ಲ.

ಒಳಗಿನ ಕಾಳು ಎಳ್ಳೇ ಆಗಬೇಕೆಂದಿಲ್ಲ. ಬಡೇಸೋಪು, ಗಸಗಸೆ, ಲವಂಗ, ಏಲಕ್ಕಿ, ಸಾಬೂದಾಣಿಗೂ ಇದೇ ಲೇಪ ನಡೆಯುತ್ತದೆ. ಪಾಕಕ್ಕೆ ಕೇಸರಿ ಬಿದ್ದರೆ ಬಣ್ಣವೂ ಬಂತು, ಪರಿಮಳವೂ ಬಂತು.

ಬೋರಾಮಣಿ, ಅಕ್ಕಲಕೋಟೆಯಂಥ ಒಣ ಎರೆನೆಲದಲ್ಲಿ ಎಳ್ಳು ಹಳೆಯದು, ಬಿಳಿ ಸಕ್ಕರೆ ಹೊಸದು. ಸಕ್ಕರೆಯ ಸಿಹಿತಿಂಡಿಗಳು ಈ ಭಾಗಕ್ಕೆ ಗೊತ್ತಿರಲಿಲ್ಲವೆಂದಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಹಾಲು ಸಕ್ಕರೆಯ ತಿನಿಸುಗಳ ವಿವರ ಇದೆ. ಆದರೆ ಅದು ಅರಮನೆಯ ಅಡುಗೆ. ಅದೇ ಶತಮಾನದಲ್ಲಿ ಶರಣ ಸಿದ್ಧರಾಮ ಕೆರೆ ಕಟ್ಟಿಸಿದ ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಬಡವರ ಮನೆಗೆ ಬೆಲ್ಲವೇ ಸಿಹಿ. 20ನೇ ಶತಮಾನದ ಆರಂಭದಲ್ಲೂ ನಮ್ಮ ಪೇಟೆಗಳ ಬಿಳಿ ಸಕ್ಕರೆ ಬಹುಪಾಲು ಜಾವಾದಿಂದ ಹಡಗಿನಲ್ಲಿ ಬರುತ್ತಿತ್ತು.

1932ರಲ್ಲಿ ಆಮದು ಸಕ್ಕರೆಯ ಮೇಲೆ ರಕ್ಷಣಾ ಸುಂಕ ಬಿತ್ತು. ನೀರಾ ಕಾಲುವೆಯ ನೀರಿನಲ್ಲಿ ಕಬ್ಬು ಬೆಳೆದಿದ್ದ ಮಾಳಿ ಸಮಾಜದ ರೈತರು ಅದೇ ಹೊತ್ತಿಗೆ ಸೊಲ್ಲಾಪುರ ಜಿಲ್ಲೆಯ ಮಾಳಿನಗರದಲ್ಲಿ ತಮ್ಮದೇ ಕಾರ್ಖಾನೆ ಕಟ್ಟಿದರು. ಮುಂದೆ ಸಹಕಾರಿ ಕಾರ್ಖಾನೆಗಳು ಬಂದವು. 1980ರಲ್ಲಿ ಭೀಮಾ ನದಿಗೆ ಉಜನಿ ಅಣೆಕಟ್ಟು ಮುಗಿದ ಮೇಲಂತೂ ಜಿಲ್ಲೆ ಕಬ್ಬಿನ ಸೀಮೆಯೇ ಆಯಿತು. ಕುಸುರೆಳ್ಳು ಸಾಮಾನ್ಯರ ಪರಾತಕ್ಕೂ ಇಳಿದದ್ದು ಈ ಸಕ್ಕರೆಯ ಬೆನ್ನಿಗೇ ಎನ್ನಲು ಅಡ್ಡಿಯಿಲ್ಲ.

ತಿನ್ನುವುದಕ್ಕಿಂತ ತೊಡುವುದರಲ್ಲಿ ಇದರ ವೈಭವ ಹೆಚ್ಚು. ಮದುವೆಯ ನಂತರದ ಮೊದಲ ಸಂಕ್ರಾಂತಿಗೆ ಹೊಸ ಸೊಸೆ ಕರಿ ಸೀರೆ ಉಟ್ಟು ಕುಸುರೆಳ್ಳಿನ ಹಾರ, ಬಳೆ, ಬೈತಲೆಮಣಿ ತೊಡುತ್ತಾಳೆ. ಒಂದೊಂದೇ ಕಾಳನ್ನು ದಾರದಲ್ಲಿ ಗಂಟು ಹಾಕಿ ಬಿಗಿಯಬೇಕು. ದಾರ ಜಗ್ಗಿದರೆ ಮುಳ್ಳು ಉದುರುತ್ತದೆ, ಸಡಿಲ ಬಿಟ್ಟರೆ ಕಾಳೇ ಜಾರುತ್ತದೆ. ಕರಿ ಬಟ್ಟೆಯ ಮೇಲೆ ಬಿಳಿ ಕಾಳು ಮುತ್ತಿನಂತೆ ಕಾಣುತ್ತದೆ. ಕೂಸುಗಳಿಗೂ ಕಿರೀಟ, ಕೊಳಲು ಮಾಡಿ ಕೃಷ್ಣನ ವೇಷ ಹಾಕಿ, ತಲೆಯ ಮೇಲೆ ಬೋರೆಹಣ್ಣು, ಕಬ್ಬಿನ ತುಂಡು ಎರೆಯುತ್ತಾರೆ. ಅದೇ ದಿನಗಳಲ್ಲಿ ಸೊಲ್ಲಾಪುರದಲ್ಲಿ ನಂದಿಧ್ವಜಗಳ ಮೆರವಣಿಗೆಯೊಂದಿಗೆ ಸಿದ್ಧೇಶ್ವರನ, ಅಂದರೆ ಅದೇ ಸಿದ್ಧರಾಮನ, ಜಾತ್ರೆ. ಸಂಜೆ ಮನೆಮನೆಗೆ ಹೋಗಿ, “ಕುಸುರೆಳ್ಳು ತಗೋರಿ, ಸಕ್ರಿ ಹಂಗ ಇರೋಣು” ಅಂದು ಹಿರಿಯರ ಕಾಲಿಗೆ ಬೀಳುವುದು.

ಕಾಳಿಗೆ ಸಕ್ಕರೆ ಪದರ ಕಟ್ಟುವ ಕೆಲಸ ನಮ್ಮಲ್ಲಷ್ಟೇ ಇಲ್ಲ. 1602ರ ಇಂಗ್ಲೆಂಡಿನ ಹ್ಯೂ ಪ್ಲಾಟ್‌ನ ಪುಸ್ತಕದಲ್ಲಿ ಕೆಂಡದ ಮೇಲೆ ತೂಗುಬಿಟ್ಟ ಬೋಗುಣಿಯಲ್ಲಿ ಬೀಜಗಳಿಗೆ ಪಾಕ ಹಾಕುವ ಕ್ರಮ ಇದೆ. 1569ರಲ್ಲಿ ಪೋರ್ಚುಗೀಸ್ ಪಾದ್ರಿ ಲೂಯಿಸ್ ಫ್ರೋಯಿಸ್ ಜಪಾನಿನ ಸೇನಾನಾಯಕ ಓದಾ ನೊಬುನಾಗನಿಗೆ ಗಾಜಿನ ಪಾತ್ರೆಯಲ್ಲಿ ಇಂಥದೇ ಮಿಠಾಯಿ ಕೊಟ್ಟ. ಅದು ಅಲ್ಲಿ ಕೊಂಪೆಯಿತೋ ಆಗಿ ಬೆಳೆಯಿತು, ಹಿಂದೆ ಅದರ ಒಳಗೂ ಎಳ್ಳೇ ಇರುತ್ತಿತ್ತು. ಅದರ ಮುಳ್ಳು ಹೇಗೆ ಏಳುತ್ತದೆಂದು ಭೌತವಿಜ್ಞಾನಿ ತೊರಾಹಿಕೊ ತೆರಾದಾ ತಲೆ ಕೆಡಿಸಿಕೊಂಡು ಬರೆದರು. ಕ್ಯೋಟೋದಲ್ಲಿ 1847ರಿಂದ ಅದನ್ನೇ ಮಾಡುತ್ತ ಬಂದ ಅಂಗಡಿಯೊಂದು ಇಂದಿಗೂ ಇದೆ.

ನಮ್ಮಲ್ಲಿ ಇಷ್ಟೇ ಸೂಕ್ಷ್ಮದ ಕೆಲಸ ಮಾಡಿದ ಹೆಣ್ಣುಮಕ್ಕಳ ಹೆಸರು ಯಾವ ದಾಖಲೆಗೂ ಹತ್ತಲಿಲ್ಲ. ಈಗ ಡಿಸೆಂಬರ್ ಬಂದರೆ ಪೇಟೆಯಲ್ಲಿ ಯಂತ್ರದ ಕುಸುರೆಳ್ಳು ಕಿಲೋಗಟ್ಟಲೆ ಸಿಗುತ್ತದೆ. ಮನೆಯಲ್ಲಿ ಪಾಕದ ಹದ ಬಲ್ಲ ಅಜ್ಜಿ ಇದ್ದರೆ ಈ ಚಳಿಗಾಲ ಒಮ್ಮೆ ಪರಾತದ ಮುಂದೆ ಕೂಡಿಸಿ, ಕೆಂಡದ ಕಾವು, ಚಮಚದ ಅಳತೆ, ಕೈಯಾಡಿಸುವ ರೀತಿ ಎಲ್ಲವನ್ನೂ ಕೇಳಿ ಬರೆದಿಡಿ. ಪಕ್ಕದಲ್ಲಿ ಅವರ ಹೆಸರನ್ನೂ ಬರೆಯಿರಿ.