ಕನ್ನಡ ಸಾಹಿತ್ಯದಲ್ಲಿ ಕಾಡುಮೃಗವೂ ಸಾಕುಪ್ರಾಣಿಯೂ

ಕಾಡಿನ ಮೃಗವು ಕ್ರೂರ, ಮನೆಯ ಪ್ರಾಣಿಯು ಸಾಧು ಎಂಬ ಭಾವನೆಯು ನಮ್ಮಲ್ಲಿ ಬಾಲ್ಯದಿಂದಲೇ ಬೇರೂರಿರುವುದು. ಹುಲಿಯನ್ನು ಕಣ್ಣಾರೆ ಕಾಣದವನೂ ಅದರ ಸ್ವಭಾವವನ್ನು ವರ್ಣಿಸಬಲ್ಲನು. ಈ ತಿಳಿವಳಿಕೆಯು ಅವನಿಗೆ ಬಂದುದು ಕಥೆ, ಹಾಡು, ಶಾಸನಗಳ ಮೂಲಕ. ಆದಕಾರಣ ನಮ್ಮ ಪೂರ್ವಿಕರ ಬರಹಗಳಲ್ಲಿ ಈ ಭೇದವು ಹೇಗೆ ಮೂಡಿತೆಂಬುದನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸುವೆವು.

ಮೊದಲನೆಯದಾಗಿ ಆತಕೂರಿನ ಶಾಸನವನ್ನು ನೋಡಬಹುದು. ಇದು ಕ್ರಿ.ಶ. 949-50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಶೌರ್ಯವನ್ನು ಮೆರೆದ ಮಣಲೇರನು ತನ್ನೊಡೆಯನಾದ ಗಂಗ ಬೂತುಗನಲ್ಲಿ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ಕಾಡುಹಂದಿಯೊಡನೆ ಕಾದಾಡಲು, ಎರಡೂ ಮಡಿದುವು. ಮಣಲೇರನು ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದಾನವಿತ್ತನು. ಕಲ್ಲನ್ನು ಪೂಜಿಸದೆ ಗೊರವನು ಉಣ್ಣಬಾರದೆಂದು ವಿಧಿಯಾಯಿತು. ವೀರನಿಗೆ ಸಲ್ಲತಕ್ಕ ಮರ್ಯಾದೆಯು ನಾಯಿಗೆ ಸಂದಿತು. ಅಷ್ಟೇ ಕಲಿತನದಿಂದ ಹೋರಾಡಿದ ಹಂದಿಗಾದರೋ ಹೆಸರೇ ಇಲ್ಲ.

ಕ್ರಿ.ಶ. 1031ರಲ್ಲಿ ರಚಿತವಾದ ದುರ್ಗಸಿಂಹನ ಪಂಚತಂತ್ರದಲ್ಲಿ ಈ ಗಡಿಯು ಸಡಿಲುವುದು. ವರ್ತಕನು ಅರಣ್ಯದಲ್ಲಿ ಬಿಟ್ಟುಹೋದ ಎತ್ತಿಗೆ ಸಿಂಹವು ಮಿತ್ರನಾಗುವುದು. ಆ ಮೈತ್ರಿಯನ್ನು ಕೆಡಿಸುವುದು ನರಿಯ ಚಾಡಿಮಾತು.

ಇನ್ನು ಮನೆಮನೆಯಲ್ಲಿ ಪ್ರಸಿದ್ಧವಾದ ಗೋವಿನ ಹಾಡಿನಲ್ಲಿ ಹಸಿದ ಹುಲಿಯು ಪುಣ್ಯಕೋಟಿಯ ಸತ್ಯಕ್ಕೆ ಮಣಿದು ತನ್ನ ಪ್ರಾಣವನ್ನೇ ತೊರೆಯುವುದು. ಹಸುವಿನ ಸತ್ಯವು ಸರ್ವಮಾನ್ಯವಾದುದು. ಆದರೆ ಆಹಾರವನ್ನು ಅರಸುವುದೇ ಹುಲಿಗೆ ಪಾಪವೆಂಬ ಭಾವನೆಯೂ ಅದರೊಡನೆ ಕೇಳುವವರ ಮನಸ್ಸನ್ನು ಹೊಕ್ಕಿತು.

ಹನ್ನೆರಡನೆಯ ಶತಮಾನದ ಬಸವಣ್ಣನವರು ಈ ಭ್ರಾಂತಿಯನ್ನು ಬಯಲಿಗೆಳೆದರು. ಕೆತ್ತಿದ ಹಾವಿಗೆ ನೈವೇದ್ಯವನ್ನಿತ್ತು, ಹರಿದುಬಂದ ಹಾವನ್ನು ಬಡಿಯುವ ಜನರನ್ನು ಅವರು ಪ್ರಶ್ನಿಸಿದರು. ನಾವು ಕಲ್ಪಿಸಿಕೊಂಡ ಪ್ರಾಣಿಯೇ ಬೇರೆ, ಉಸಿರಾಡುವ ಪ್ರಾಣಿಯೇ ಬೇರೆಯೆಂಬುದು ಇದರಿಂದ ವಿದಿತವಾಗುವುದು. ಬಲಿಗೆಂದು ತಂದ ಕುರಿಯು ತನ್ನ ಸಾವನ್ನರಿಯದೆ ಹಸಿರೆಲೆಯನ್ನು ಮೇಯುವ ಚಿತ್ರವೂ ಅವರ ವಚನದಲ್ಲಿರುವುದು. ಆ ಕುರಿಗೆ ಮೃತ್ಯುವು ಹಬ್ಬದ ಮನೆಯ ಅಂಗಳದಲ್ಲಿಯೇ ಕಾದಿತ್ತು.

ಮಾತಿನ ಪರಿಣಾಮವು ಅಲ್ಪವಾದುದಲ್ಲ. ದುಷ್ಟಮೃಗವೆಂಬ ಹೆಸರನ್ನು ಹೊತ್ತ ಹುಲಿಯನ್ನು ಕೊಂದವರಿಗೆ ಬ್ರಿಟಿಷರ ಆಳ್ವಿಕೆಯಲ್ಲಿ ಸರ್ಕಾರವೇ ಬಹುಮಾನವನ್ನು ಕೊಡುತ್ತಿದ್ದಿತು. 1973ರಲ್ಲಿ ಹುಲಿಯ ಸಂರಕ್ಷಣೆಯ ಯೋಜನೆಯು ಆರಂಭವಾದಾಗ ನಮ್ಮ ಬಂಡೀಪುರವು ಅದರ ಮೊದಲ ಒಂಬತ್ತು ಅರಣ್ಯಗಳಲ್ಲಿ ಒಂದಾಯಿತು. ಹುಲಿಯ ಸ್ವಭಾವವು ಹಿಂದಿನಂತೆಯೇ ಇರಲು, ಮನುಷ್ಯನ ದೃಷ್ಟಿಯು ಮಾತ್ರ ತಿರುಗಿತು.

ಆದುದರಿಂದ ಮಕ್ಕಳಿಗೆ ಗೋವಿನ ಹಾಡನ್ನು ಕಲಿಸುವ ಭಕ್ತಮಹಾಶಯರು ಹಸುವಿನ ಸತ್ಯದೊಡನೆ ಹುಲಿಯ ಹಸಿವನ್ನೂ ತಿಳಿಯಹೇಳಬೇಕೆಂದು ಬಿನ್ನೈಸುವೆವು. ಸಕಲ ಜೀವಿಗಳಲ್ಲಿ ದಯೆಯೆಂಬ ಮಾತು ಹಟ್ಟಿಯ ಬಾಗಿಲಿನಲ್ಲಿಯೇ ನಿಲ್ಲದಿರಲಿ.