ತಾಳೆಮರದಿಂದ ಇಳಿದವರು

ಅಜ್ಜಿ ತಮ್ಮ ಅಪ್ಪನ ಕಥೆಯನ್ನು ಯಾವಾಗಲೂ ತಾಳೆಮರದಿಂದ ಶುರುಮಾಡುತ್ತಿದ್ದರು. "ನಿನ್ನ ಪಿಜ್ಜ ದಿನಕ್ಕೆರಡು ಹೊತ್ತು ಮರ ಹತ್ತುವವರು. ಒಂದು ದಿನ ಇಳಿದವರು ಮತ್ತೆ ಹತ್ತಲಿಲ್ಲ." ಕಾಲಿನ ತಳೆ, ಸೊಂಟದ ಕತ್ತಿ, ಕಳ್ಳಿನ ಬುರುಡೆ ಎಲ್ಲವನ್ನೂ ಮರದ ಬುಡದಲ್ಲೇ ಬಿಟ್ಟು ಬಂದರಂತೆ. ಆ ಕತ್ತಿ ಏನಾಯಿತು ಅನ್ನುವುದೇ ಚಿಕ್ಕಂದಿನಲ್ಲಿ ನನ್ನ ದೊಡ್ಡ ಚಿಂತೆ. ಕೇಳಿದರೆ ಅಜ್ಜಿ, "ಯಾರಿಗೋ ಅನ್ನ ಆಗಿರಬೇಕು" ಎನ್ನುತ್ತಿದ್ದರು.

ಮಂಗಳೂರಿನ ಬಾಸೆಲ್ ಮಿಶನ್ ಸಭೆಯಿಂದ ಬಂದ ತುಳು ಕ್ರೈಸ್ತರು ನಾವು. ನಮ್ಮ ಹಿಂದಿನವರ ಇತಿಹಾಸ ಎಂದರೆ ಜನರಿಗೆ ನೆನಪಾಗುವುದು ಹೊರಗಿನಿಂದ ಬಂದವರ ಹೆಸರು. ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರ್ 30ರಂದು ಮಂಗಳೂರಿಗೆ ಬಂದದ್ದು, ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದದ್ದು, ಕಿಟೆಲರ ನಿಘಂಟು 1894ರಲ್ಲಿ ಇಲ್ಲಿಯೇ ಅಚ್ಚಾದದ್ದು ಶಾಲೆಯ ಮಕ್ಕಳಿಗೂ ಗೊತ್ತು. ಕಿಟೆಲರಿಗೆ ಬೆಂಗಳೂರಿನಲ್ಲಿ ಪ್ರತಿಮೆಯೂ ಇದೆ. ಹಾಗೆ ಬಂದವರೆಲ್ಲ ತೆತ್ತದ್ದು ಸಣ್ಣ ಬೆಲೆಯೇನಲ್ಲ. ಬಲ್ಮಠದ ಹಳೆಯ ಸಮಾಧಿಗಳ ನಡುವೆ ಒಮ್ಮೆ ನಡೆದರೆ ಅದು ತಿಳಿಯುತ್ತದೆ. ಆದರೆ ಅವರ ಮಾತಿಗೆ 'ಹೂಂ' ಅಂದು ಮನೆ ಬಿಟ್ಟು ಬಂದವರಿದ್ದಾರಲ್ಲ, ಅವರ ಹೆಸರು ಸಭೆಯ ದಾಖಲೆ ಪುಸ್ತಕದಲ್ಲಿ ಒಂದು ಸಾಲು, ಅಷ್ಟೆ.

ನಮ್ಮ ಮನೆಯೊಳಗೆ ಈ ಧರ್ಮ ಬಂದದ್ದು ತುಳುವಿನಲ್ಲಿ. ಮತ್ತಾಯನ ಸುವಾರ್ತೆ ಕನ್ನಡ ಲಿಪಿಯ ತುಳುವಿನಲ್ಲಿ 1842ರಲ್ಲಿಯೇ ಬಂದಿತ್ತು, ಪೂರ್ತಿ ಹೊಸ ಒಡಂಬಡಿಕೆ 1847ರಲ್ಲಿ. ಮುಲ್ಕಿಯ ಆಚೆಯ ಊರಿನಲ್ಲಿ ಮೂರ್ತೆ, ಅಂದರೆ ಕಳ್ಳು ಇಳಿಸುವ ಕೆಲಸ, ಮಾಡಿಕೊಂಡಿದ್ದ ಬಿಲ್ಲವರ ಹುಡುಗ ಪಿಜ್ಜ. ದೇವಸ್ಥಾನದ ಒಳಗೆ ಕಾಲಿಡುವಂತಿಲ್ಲ, ಅಕ್ಷರ ಕಲಿಸುವವರಿಲ್ಲ. ಅಂಥವರೆದುರು ಒಬ್ಬ ಉಪದೇಶಿ ನೆಲದ ಮೇಲೆ ಕೂತು, ಮನೆಯ ಮಾತಿನಲ್ಲೇ ದೇವರ ಮಾತು ಓದಿದ. "ಪುಸ್ತಕಕ್ಕೂ ನಮ್ಮ ಭಾಷೆ ಬರುತ್ತದಾ ಅಂತ ಪಿಜ್ಜ ಬೆರಗಾಗಿ ಕೂತುಬಿಟ್ಟರಂತೆ" ಎಂದು ಅಜ್ಜಿ ನಗುತ್ತಿದ್ದರು. ಅವರನ್ನು ಎಳೆದದ್ದು ಭಕ್ತಿಯೋ, ಅಕ್ಷರವೋ, ನಾಲ್ಕು ಜನರ ಸಮಕ್ಕೆ ಕೂರುವ ಮರ್ಯಾದೆಯೋ ಎಂದು ಈಗಿನವರು ವಾದ ಮಾಡುತ್ತಾರೆ. ಹಸಿದವನಿಗೆ ಅನ್ನ, ಸಾರು, ಉಪ್ಪು ಬೇರೆಬೇರೆಯಾಗಿ ರುಚಿಸುವುದಿಲ್ಲ.

ಮಿಶನ್ ಇಟ್ಟ ಕಟ್ಟಳೆ ಮಾತ್ರ ಕಠಿಣ. ಕಳ್ಳು ಕುಡಿಯಬಾರದು ಸರಿ, ಇಳಿಸಲೂಬಾರದು. ಬಿಲ್ಲವನಿಗೆ ಇದು ಕುಲಕಸುಬನ್ನೇ ಕೊಯ್ದು ಹಾಕಿದ ಹಾಗೆ. ಗದ್ದೆ ಗೇಣಿಗೆ ಕೊಟ್ಟ ಧಣಿ ಬೆನ್ನು ತಿರುಗಿಸಿದರೆ ಇದ್ದ ನೆಲವೂ ಇಲ್ಲ. ಮತ ಬದಲಿಸಿದ ಕಾರಣಕ್ಕೆ ಯಾರ ಆಸ್ತಿಯ ಹಕ್ಕೂ ಹೋಗಬಾರದೆಂದು 1850ರಲ್ಲಿ ಸರ್ಕಾರ ಕಾಯಿದೆಯನ್ನೇನೋ ಮಾಡಿತ್ತು. ಕಾಯಿದೆ ಕಲ್ಕತ್ತೆಯಲ್ಲಿತ್ತು, ಅಂಗಳದಲ್ಲಿ ಇದ್ದದ್ದು ಜಾತಿಯ ಗುರಿಕಾರರು.

ಪಿಜ್ಜನ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಪಿಜ್ಜಿಯ ಕಥೆಯನ್ನು ಮಾತ್ರ ಅಜ್ಜಿ ಅಡುಗೆಮನೆಯಲ್ಲಿ, ಗಂಡಸರಿಲ್ಲದ ಹೊತ್ತಿನಲ್ಲಿ ಹೇಳುತ್ತಿದ್ದರು. ಬಿಲ್ಲವರಲ್ಲಿ ಅಳಿಯಸಂತಾನ. ಬಳಿ ಬರುವುದು ತಾಯಿಯಿಂದ, ಮಕ್ಕಳು ಸೇರುವುದು ತಾಯಿಯ ಕುಟುಂಬಕ್ಕೆ. ಗಂಡಸೊಬ್ಬ ಜಾತಿ ಬಿಟ್ಟು ಹೋದರೆ ಕುಟುಂಬಕ್ಕೆ ಒಂದು ಜೀವ ಕಡಿಮೆಯಾದೀತು. ಹೆಣ್ಣು ಹೋದರೆ ಅವಳ ಹೊಟ್ಟೆಯಲ್ಲಿ ಹುಟ್ಟಬೇಕಾದವರೆಲ್ಲ ಹೋದ ಹಾಗೆ. ಪಿಜ್ಜಿ ಮನೆ ಬಿಟ್ಟದ್ದು ಎರಡು ವರ್ಷದ ಹೆಣ್ಣುಮಗುವನ್ನು ಸೊಂಟದಲ್ಲಿ ಎತ್ತಿಕೊಂಡು. ಅವರ ಕುಟುಂಬದವರು ಬದುಕಿರುವವಳಿಗೆ ಸತ್ತವರಿಗೆ ಮಾಡುವ ಬೊಜ್ಜ ಮಾಡಿ ಮುಗಿಸಿದರಂತೆ. ಅದು ಕೋಪವೆಂದು ನಾನು ಬಹಳ ವರ್ಷ ತಿಳಿದಿದ್ದೆ. ಸಂತಾನದ ಒಂದು ಕೊಂಬೆಯೇ ಕಡಿದು ಹೋದದ್ದಕ್ಕೆ ಅವರು ಅತ್ತ ರೀತಿ ಅದು ಎಂದು ಈಗ ಅನಿಸುತ್ತದೆ.

ಹೀಗೆ ಬಂದವರಿಗೆ ಕೆಲಸ ಕೊಡುವುದು ಮಿಶನ್ನಿಗೆ ದೊಡ್ಡ ತಲೆನೋವಾಯಿತು. ಬೇಸಾಯ, ಬಡಗಿ ಕೆಲಸ, ಗಡಿಯಾರದ ಕೆಲಸ ಎಲ್ಲ ಮಾಡಿ ನೋಡಿದರು. ಹೊಟ್ಟೆ ತುಂಬುವಷ್ಟು ನಿಲ್ಲಲಿಲ್ಲ. ನಿಂತದ್ದು ಅಚ್ಚುಕೂಟ, ನೇಯ್ಗೆ, ಹಂಚು. ನೇಕಾರ ಹಾಲರ್ 1851ರಲ್ಲಿ ಬಂದರು. ಖಾಕಿ ಬಣ್ಣ ಹುಟ್ಟಿದ್ದು ಅವರ ಬಣ್ಣದ ತೊಟ್ಟಿಯಲ್ಲೇ ಎಂದು ಮಂಗಳೂರಿನವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. 1865ರಲ್ಲಿ ಪ್ಲೆಬ್ಸ್ಟ್ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮೊದಮೊದಲು ಮಣ್ಣು ಅರೆಯುವ ಯಂತ್ರವನ್ನು ತಿರುಗಿಸುತ್ತಿದ್ದದ್ದು ಎತ್ತುಗಳು, ಉಗಿಯಂತ್ರ ಬಂದದ್ದು ಆಮೇಲೆ.

ಪಿಜ್ಜ ಅಲ್ಲಿ ಸೇರಿದರು. ದೋಣಿಯಲ್ಲಿ ಬಂದ ಜೇಡಿಮಣ್ಣು ಇಳಿಸುವುದು, ನೆನೆಹಾಕುವುದು, ಅರೆದ ಮಣ್ಣಿನ ಹಲಗೆಯನ್ನು ಅಚ್ಚಿನ ಯಂತ್ರಕ್ಕೆ ಕೊಡುವುದು, ಒತ್ತಿ ಬಂದ ಹಂಚಿನ ಅಂಚು ಕತ್ತರಿಸುವುದು, ನೆರಳಿನಲ್ಲಿ ಒಣಗಿಸಿ ಗೂಡಿಗೆ ಏರಿಸುವುದು. ಎತ್ತರದ ಗಾಳಿಯಲ್ಲಿ ಒಬ್ಬರೇ ದುಡಿದ ಮನುಷ್ಯ ಗಂಟೆ ಹೊಡೆದರೆ ಬಂದು, ಗಂಟೆ ಹೊಡೆದರೆ ಹೋಗುವುದನ್ನು ಕಲಿತರು. ಬೆಳಗ್ಗೆ ಪ್ರಾರ್ಥನೆ, ಆಮೇಲೆ ಕೆಲಸ. ಪಿಜ್ಜಿಯೂ ತಲೆಯ ಮೇಲೆ ಹಂಚು ಹೊತ್ತರು. ಮನೆ ಮಿಶನ್ನಿನದು, ಕೆಲಸ ಮಿಶನ್ನಿನದು, ಮಕ್ಕಳ ಶಾಲೆ ಮಿಶನ್ನಿನದು. ತಪ್ಪು ಮಾಡಿದರೆ ಸಭೆಯ ಶಿಸ್ತು, ಸಭೆಯಿಂದ ಹೊರಗಾದರೆ ಬೇರೆ ಊರಿಲ್ಲ. ಒಬ್ಬ ಧಣಿಯ ಹಂಗು ಬಿಟ್ಟು ಇನ್ನೊಬ್ಬರ ಹಂಗಿಗೆ ಬಂದೆವು ಎಂದು ಪಿಜ್ಜ ಒಮ್ಮೊಮ್ಮೆ ಗೊಣಗಿದ್ದೂ ಉಂಟಂತೆ. ಅಜ್ಜಿ ಅದನ್ನೂ ಮುಚ್ಚಿಡಲಿಲ್ಲ. ನಮ್ಮವರನ್ನು ಸಂತರನ್ನಾಗಿ ಮಾಡಿ ಗೋಡೆಗೆ ತೂಗುಹಾಕುವುದು ಅವರಿಗೆ ಹಿಡಿಸುತ್ತಿರಲಿಲ್ಲ.

1914ರಲ್ಲಿ ಯುದ್ಧ ಬಂದಾಗ ಅಜ್ಜಿಗೆ ಹತ್ತೊಂಬತ್ತು. ಜರ್ಮನ್ ಪಾದ್ರಿಗಳು ಬ್ರಿಟಿಷರಿಗೆ ಶತ್ರುಗಳಾದರು. ಅವರನ್ನು ಹಿಡಿದು ಅಹಮದ್‌ನಗರದ ಶಿಬಿರಕ್ಕೆ ಕಳಿಸಿದರು. ಕಾರ್ಖಾನೆಗಳು ಕಡೆಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಇನ್ನು ಇವರೆಲ್ಲ ಹಳೆಯ ದಾರಿ ಹಿಡಿಯುತ್ತಾರೆ ಎಂದು ಊರವರು ಕಾದರಂತೆ. ಪಿಜ್ಜ ಮಾರನೆಯ ಭಾನುವಾರವೂ ಅದೇ ಬಿಳಿ ಪಂಚೆ ಉಟ್ಟು ಸಭೆಯ ದೇವಾಲಯಕ್ಕೆ ಹೋದರು. ಹಂಗು ಹರಿದ ಮೇಲೂ ಕಾಲು ಅದೇ ಕಡೆ ನಡೆದದ್ದನ್ನು ನಾನು ನಂಬಿಕೆ ಎನ್ನುತ್ತೇನೆ.

ಐದಾರು ವರ್ಷಗಳ ಹಿಂದೆ ಪಿಜ್ಜಿಯ ಕುಟುಂಬದವರು ನಮ್ಮನ್ನು ಹುಡುಕಿಕೊಂಡು ಬಂದರು. ತರವಾಡು ಮನೆ ಜೀರ್ಣೋದ್ಧಾರ ಮಾಡುವ ಮೊದಲು ಕವಲು ಕವಲಾಗಿ ಹೆಸರು ಬರೆದುಕೊಳ್ಳುತ್ತಿದ್ದರು. ಬೊಜ್ಜ ಮಾಡಿ ಮುಗಿಸಿದವಳ ಸಂತಾನಕ್ಕೂ ಆ ಹಾಳೆಯಲ್ಲಿ ಜಾಗ ಬಿಟ್ಟಿದ್ದರು. ನಾನು ಹೋದೆ. ಬೆಲ್ಲ ನೀರು ಕೊಟ್ಟರು, ದೈವದ ಕೋಣೆಯ ಕಡೆ ಬರುವಂತೆ ಒತ್ತಾಯಿಸಲಿಲ್ಲ. ನಾನೂ ಹೊರಗಿನ ಜಗಲಿಯಲ್ಲೇ ಕೂತೆ. ಮಾಡಿನಿಂದ ಇಳಿಸಿದ ಹಂಚುಗಳು ಅಂಗಳದ ತುಂಬ ಸಾಲಾಗಿ ನಿಂತಿದ್ದವು. ಒಂದನ್ನು ಮಗುಚಿ ನೋಡಿದೆ. ಬಾಸೆಲ್ ಮಿಶನ್, 1865. ಕಾರ್ಖಾನೆ ತೆರೆದ ವರ್ಷ.

ಮನೆಯ ಹಿರಿಯ ಹೆಂಗಸು ನನ್ನ ಪಕ್ಕ ಬಂದು ಕೂತರು. ಮೊದಲು ಮುಳಿಹುಲ್ಲಿನ ಮಾಡು ಇತ್ತಂತೆ. ಹಂಚು ಹಾಕಿಸಿದ್ದು ಪಿಜ್ಜಿಯ ಅಕ್ಕ. ಅಷ್ಟು ಹೊತ್ತಿಗೆ ಊರಿನ ಸುತ್ತ ಬೇರೆ ಕಾರ್ಖಾನೆಗಳೂ ಎದ್ದಿದ್ದವು, ಅಗ್ಗಕ್ಕೂ ಸಿಗುತ್ತಿತ್ತು. ಜೆಪ್ಪುವಿನ ಹಂಚೇ ಬೇಕು ಎಂದು ಅವರು ಹಟ ಹಿಡಿದರಂತೆ. ಕಾರಣ ಯಾರಿಗೂ ಹೇಳಲಿಲ್ಲ.

ಬರುವಾಗ ಒಂದು ಹಂಚು ಕೇಳಿ ತಂದೆ. "ಒಂದು ಯಾಕೆ ಅಕ್ಕ, ಎರಡು ತೆಗೆದುಕೊಳ್ಳಿ, ಒಂದರ ಕೊಂಡಿ ಇನ್ನೊಂದಕ್ಕೆ ಕೂರುವುದು ಅಲ್ವಾ" ಎಂದ ಆ ಮನೆಯ ಹುಡುಗ. ಎರಡೂ ಈಗ ನನ್ನ ಜಗಲಿಯಲ್ಲಿವೆ.